ಬಾಕಿ ವಸೂಲಿಗೆ ಠಾಣೆಯ ಮೆಟ್ಟಿಲು: ಒಪ್ಪಂದದ ತಕರಾರು ಅಪರಾಧವಾಗುವುದು ಎಲ್ಲಿ?

1860ರ ಭಾರತೀಯ ದಂಡ ಸಂಹಿತೆಯ 415ನೇ ಕಲಮು ವಂಚನೆಯೆಂದರೇನು ಎಂಬುದನ್ನು ವಿವರಿಸಿ, ಅದರ ಕೆಳಗೆ ಕೆಲವು ದೃಷ್ಟಾಂತಗಳನ್ನು ಕೊಟ್ಟಿತ್ತು. ಅವುಗಳಲ್ಲೊಂದು ನೀಲಿ ಗಿಡದ ವ್ಯಾಪಾರಕ್ಕೆ ಸಂಬಂಧಿಸಿದ್ದು. ಒಬ್ಬನು ಇಷ್ಟು ಪ್ರಮಾಣದ ನೀಲಿ ಗಿಡವನ್ನು ತಲುಪಿಸುವೆನೆಂದು ನಂಬಿಸಿ ಮುಂಗಡ ಹಣ ಪಡೆಯುತ್ತಾನೆ. ಹಣ ಪಡೆಯುವಾಗಲೇ ಮಾಲು ಕೊಡುವ ಇರಾದೆ ಅವನಿಗಿರಲಿಲ್ಲವಾದರೆ ಅದು ವಂಚನೆ. ಆಗ ಕೊಡುವ ಇರಾದೆಯಿದ್ದು, ಅನಂತರ ಒಪ್ಪಂದವನ್ನು ಮುರಿದನಾದರೆ ಅವನು ವಂಚಕನಲ್ಲ. ಅವನ ಮೇಲೆ ಸಿವಿಲ್ ದಾವೆಯನ್ನು ಮಾತ್ರ ಹೂಡಬಹುದು.

ವಿಚಿತ್ರವೆಂದರೆ, ಅದೇ 1860ರಲ್ಲಿ ಬಂಗಾಳದ ರೈತರು ನೀಲಿ ಬೆಳೆಯಲು ನಿರಾಕರಿಸಿದಾಗ, ನೀಲಿಯ ಒಪ್ಪಂದವನ್ನು ಮುರಿದವರನ್ನು ಶಿಕ್ಷಿಸಲೆಂದೇ ಸರ್ಕಾರವು ತಾತ್ಕಾಲಿಕ ಕಾಯಿದೆಯೊಂದನ್ನು ತಂದಿತು. ಅದಕ್ಕೆ ಹಿಂದಿನ ವರ್ಷ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಗಾರರನ್ನು ದಂಡಾಧಿಕಾರಿಗಳ ಮುಂದೆ ನಿಲ್ಲಿಸುವ ಕಾಯಿದೆಯೂ ಬಂದಿತ್ತು. ಅದು ರದ್ದಾದುದು 1925ರ ಕಾಯಿದೆಯಿಂದ. ಒಪ್ಪಂದಭಂಗಕ್ಕೆ ಸೆರೆಮನೆಯ ಭಯವನ್ನು ಜೋಡಿಸುವ ಆಸೆ ನಮ್ಮಲ್ಲಿ ಹೊಸದಲ್ಲ ಎಂಬುದಕ್ಕಾಗಿ ಇದನ್ನು ಇಲ್ಲಿ ಸ್ಮರಿಸಲಾಗಿದೆ. ಅಂದು ಆ ಆಸೆ ತೋಟದ ದೊರೆಗಳದಾಗಿತ್ತು. ಇಂದು ಅದು ಬಾಕಿ ಬರದೆ ಕಂಗೆಟ್ಟ ಸಾಮಾನ್ಯ ವರ್ತಕನದು.

ಮಾಲು ಹೋಗಿದೆ, ಇನ್‌ವಾಯ್ಸ್ ಹೋಗಿದೆ, ಆರು ತಿಂಗಳಾದರೂ ಹಣವಿಲ್ಲ. ದೂರವಾಣಿಗೆ ಉತ್ತರವಿಲ್ಲ. ಸಿವಿಲ್ ದಾವೆ ಹೂಡಿದರೆ ಮಗನ ಕಾಲಕ್ಕೆ ತೀರ್ಪು ಎಂಬ ಮಾತು ಮಾರುಕಟ್ಟೆಯಲ್ಲಿ ಮೊದಲೇ ಇದೆ. ಆಗ ಯಾರೋ ಹಿತೈಷಿಗಳು, “ಒಂದು ಚೀಟಿಂಗ್ ಕೇಸು ಹಾಕಿಸಿ, ಎಂಟು ದಿನದಲ್ಲಿ ತಾನಾಗಿ ಬರುತ್ತಾನೆ” ಎಂದು ಸಲಹೆ ಕೊಡುತ್ತಾರೆ. ಕೆಲವೊಮ್ಮೆ ಆತ ನಿಜವಾಗಿಯೂ ಬರುತ್ತಾನೆ. ಈ ಸಲಹೆ ಇನ್ನೂ ಜೀವಂತವಾಗಿರುವುದು ಆ ಕಾರಣಕ್ಕೇ. ಆದರೆ ಬಾರದಿದ್ದಾಗ ಏನಾಗುತ್ತದೆ ಎಂಬುದನ್ನು ಆ ಹಿತೈಷಿಗಳು ಹೇಳುವುದಿಲ್ಲ.

2006ರ ಎಚ್ಚರಿಕೆ

ಈ ವಿಷಯದಲ್ಲಿ ಇಂದಿಗೂ ಹೆಚ್ಚಾಗಿ ಉಲ್ಲೇಖಗೊಳ್ಳುವ ತೀರ್ಪುಗಳಲ್ಲೊಂದು ಇಂಡಿಯನ್ ಆಯಿಲ್ ಕಾರ್ಪೊರೇಷನ್ ವಿರುದ್ಧ ಎನ್‌ಇಪಿಸಿ ಇಂಡಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಜುಲೈನಲ್ಲಿ ನೀಡಿದುದು. ಅದನ್ನು ಬರೆದವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ದೀರ್ಘಕಾಲ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಅವರು. ಅಪ್ಪಟ ಸಿವಿಲ್ ತಕರಾರುಗಳನ್ನು ಕ್ರಿಮಿನಲ್ ಪ್ರಕರಣಗಳಾಗಿ ಮಾರ್ಪಡಿಸುವ ಪ್ರವೃತ್ತಿ ವ್ಯಾಪಾರಿ ವಲಯದಲ್ಲಿ ಬೆಳೆಯುತ್ತಿದೆ ಎಂದು ಅವರು ಗುರುತಿಸಿದರು. ಸಿವಿಲ್ ಪರಿಹಾರ ನಿಧಾನವೆಂಬ ಭಾವನೆ ಇದಕ್ಕೆ ಕಾರಣವೆಂದೂ, ಕ್ರಿಮಿನಲ್ ಮೊಕದ್ದಮೆಯ ಒತ್ತಡದಿಂದ ಸಿವಿಲ್ ಬಾಕಿಯನ್ನು ಇತ್ಯರ್ಥಗೊಳಿಸುವ ಪ್ರಯತ್ನವನ್ನು ನಿರುತ್ತೇಜನಗೊಳಿಸಬೇಕೆಂದೂ ಹೇಳಿದರು.

ಈ ಮಾತುಗಳನ್ನು ಎಲ್ಲರೂ ಉದ್ಧರಿಸುತ್ತಾರೆ; ಪ್ರಕರಣದ ಫಲಿತಾಂಶವನ್ನು ಹೇಳುವವರು ವಿರಳ. ವಿಮಾನಯಾನ ಸಂಸ್ಥೆಯೊಂದು ಇಂಧನವನ್ನು ಉದ್ರಿ ಪಡೆದು, ಬಾಕಿಗೆ ಭದ್ರತೆಯಾಗಿ ತನ್ನ ವಿಮಾನಗಳನ್ನು ಹೈಪಾಥಿಕೇಷನ್ ಮಾಡಿಕೊಟ್ಟಿತ್ತು. ಅನಂತರ ಆ ವಿಮಾನಗಳಿಂದ ಎಂಜಿನ್‌ಗಳನ್ನು ಕಳಚಿ ಸಾಗಿಸಲಾಯಿತೆಂಬುದು ದೂರು. ಉಚ್ಚ ನ್ಯಾಯಾಲಯ ದೂರನ್ನು ಪೂರ್ತಿಯಾಗಿ ರದ್ದುಪಡಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಕಳವು ಮತ್ತು ನಂಬಿಕೆದ್ರೋಹದ ಆಪಾದನೆಗಳು ನಿಲ್ಲುವುದಿಲ್ಲವೆಂದಿತು. ವಿಮಾನಗಳು ಮಾಲೀಕನ ಸ್ವಾಧೀನದಲ್ಲೇ ಉಳಿದಿದ್ದರಿಂದ ಅವನಿಗೆ ಏನನ್ನೂ “ಒಪ್ಪಿಸಿ”ದಂತಾಗಿರಲಿಲ್ಲ. ಆದರೆ ವಂಚನೆ ಮತ್ತು ಕೇಡು ಮಾಡಿದ ಆಪಾದನೆಗಳು ಮೇಲ್ನೋಟಕ್ಕೆ ನಿಲ್ಲುತ್ತವೆಂದು ದೂರನ್ನು ಅಷ್ಟರಮಟ್ಟಿಗೆ ಮತ್ತೆ ಜೀವಂತಗೊಳಿಸಿತು. ಒಪ್ಪಂದವಿದೆ, ಸಿವಿಲ್ ಪರಿಹಾರವಿದೆ ಎಂದ ಮಾತ್ರಕ್ಕೆ ಅಪರಾಧ ಅಳಿಸಿಹೋಗುವುದಿಲ್ಲ. ಈ ಎರಡನೆಯ ಅರ್ಧವನ್ನು ಮರೆತರೆ ಬಾಕಿದಾರರಿಗೆ ಪುಕ್ಕಟೆ ಧೈರ್ಯ ಕೊಟ್ಟಂತಾದೀತು.

ಇರಾದೆ ಯಾವ ದಿನದ್ದು?

2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ 420 ಈಗ 318ನೇ ಕಲಮಿನ ನಾಲ್ಕನೇ ಉಪಕಲಮು. ಗರಿಷ್ಠ ಶಿಕ್ಷೆ ಹಿಂದಿನಂತೆಯೇ ಏಳು ವರ್ಷ. ನಂಬಿಕೆದ್ರೋಹದ 406 ಈಗ 316ನೇ ಕಲಮಿಗೆ ಬಂದಿದ್ದು, ಶಿಕ್ಷೆಯ ಮಿತಿ ಮೂರರಿಂದ ಐದು ವರ್ಷಕ್ಕೇರಿದೆ. ಅಂಕಿಗಳು ಬದಲಾದರೂ ತತ್ತ್ವ ಬದಲಾಗಿಲ್ಲ. ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ 2000ದಲ್ಲಿ ಹೇಳಿದ್ದನ್ನೇ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಸರಬ್‌ಜಿತ್ ಕೌರ್ ಪ್ರಕರಣದಲ್ಲೂ ಹೇಳಿತು: ವ್ಯವಹಾರದ ಆರಂಭದಲ್ಲೇ ಮೋಸದ ಇರಾದೆ ಇತ್ತೆಂದು ತೋರಿಸಬೇಕು. ಅನಂತರ ಮಾತು ತಪ್ಪಿದ್ದು ಅದಕ್ಕೊಂದು ಸೂಚನೆಯಾಗಬಹುದೇ ಹೊರತು ಅದೊಂದೇ ಪುರಾವೆಯಾಗದು.

ಆರಂಭದ ಇರಾದೆಯನ್ನು ಕಂಡವರು ಯಾರು? ಮನಸ್ಸನ್ನು ಬಗೆದು ನೋಡಲಾಗದು, ನಡತೆಯಿಂದಲೇ ಊಹಿಸಬೇಕು. ಎರಡು ವರ್ಷ ಮಾಲು ಕೊಂಡು ಸರಿಯಾಗಿ ಹಣ ಕೊಟ್ಟು, ಮೂರನೆಯ ವರ್ಷ ತನಗೆ ಬರಬೇಕಾದ ಬಾಕಿ ಬಾರದೆ ಮುಗ್ಗರಿಸಿದ ಖರೀದಿದಾರನನ್ನು ಯಾವ ನ್ಯಾಯಾಲಯವೂ ಸುಲಭವಾಗಿ ವಂಚಕನೆನ್ನದು. ನಿಮ್ಮ ಲೆಡ್ಜರಿನಲ್ಲಿರುವ ಅವನ ಹಿಂದಿನ ಪಾವತಿಗಳೇ ಅವನ ಪರವಾಗಿ ಸಾಕ್ಷಿ ಹೇಳುತ್ತವೆ. ಮಾಲು ಕಳಪೆಯೆಂದು, ತೂಕ ಕಡಿಮೆಯೆಂದು, ತಡವಾಗಿ ಬಂತೆಂದು ಹಣ ತಡೆಹಿಡಿದವನೂ ಅಷ್ಟೆ. ಅವನ ವಾದ ಸುಳ್ಳೇ ಇರಬಹುದು, ಆದರೂ ಅದು ತಕರಾರು. ಇದಕ್ಕೆ ಪ್ರತಿಯಾಗಿ, ಬೇರೊಬ್ಬರ ಜಿಎಸ್‌ಟಿ ಸಂಖ್ಯೆಯನ್ನು ತನ್ನದೆಂದು ಕೊಟ್ಟವನು, ಮೊದಲೇ ಮುಚ್ಚಿದ್ದ ಖಾತೆಯ ಚೆಕ್ಕು ಬರೆದವನು, ಒಂದೇ ವಾರದಲ್ಲಿ ಹತ್ತು ಕಡೆ ಉದ್ರಿ ಎತ್ತಿ ಅಸಲಿಗಿಂತ ಕಡಿಮೆ ಬೆಲೆಗೆ ಮಾಲು ಸುರಿದು ಅಂಗಡಿಗೆ ಬೀಗ ಹಾಕಿದವನು: ಇಲ್ಲಿ ಮೊದಲ ದಿನದ ಇರಾದೆ ತಾನಾಗಿ ಹೊರಬೀಳುತ್ತದೆ. ಇಂಥವನ ವಿಷಯದಲ್ಲಿ ಠಾಣೆಗೆ ಹೋಗಲು ಹಿಂಜರಿಯಬೇಕಾಗಿಲ್ಲ, ತಡಮಾಡುವುದೇ ನಷ್ಟ.

ಮಾರಿದ ಮಾಲು ಮತ್ತು ಒಪ್ಪಿಸಿದ ಮಾಲು

ನಮ್ಮ ವಲಯದಲ್ಲಿ ಅತಿ ಹೆಚ್ಚು ಗೊಂದಲವಿರುವುದು ನಂಬಿಕೆದ್ರೋಹದ ಕಲಮಿನ ಬಗ್ಗೆ. “ನಂಬಿ ಮಾಲು ಕೊಟ್ಟೆ, ನಂಬಿಕೆಗೆ ದ್ರೋಹ ಮಾಡಿದ” ಎಂಬ ಮಾತು ಭಾಷೆಯ ದೃಷ್ಟಿಯಿಂದ ಸರಿ; ಕಾನೂನಿನ ದೃಷ್ಟಿಯಿಂದ ಅಲ್ಲ.

2024ರ ಆಗಸ್ಟ್ 23ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿ ರೇಸ್ ಕ್ಲಬ್ ಪ್ರಕರಣವನ್ನು ತೀರ್ಮಾನಿಸಿತು. ಉತ್ತರ ಪ್ರದೇಶದ ವರ್ತಕರೊಬ್ಬರು ಕ್ಲಬ್ಬಿನ ಕುದುರೆಗಳಿಗೆ ಧಾನ್ಯ ಮತ್ತು ಓಟ್ಸ್ ಸರಬರಾಜು ಮಾಡುತ್ತಿದ್ದರು. ಸುಮಾರು 9 ಲಕ್ಷ ರೂಪಾಯಿ ಬಾಕಿ ಉಳಿಯಿತು. ಅವರು ಖಾಸಗಿ ದೂರು ಸಲ್ಲಿಸಿದರು. ದಂಡಾಧಿಕಾರಿಗಳು ನಂಬಿಕೆದ್ರೋಹದ ಕಲಮಿನಡಿ ಕ್ಲಬ್ಬಿನ ಪದಾಧಿಕಾರಿಗಳಿಗೆ ಸಮನ್ಸ್ ಹೊರಡಿಸಿದರು. ಉಚ್ಚ ನ್ಯಾಯಾಲಯ ಮಧ್ಯೆ ಬರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಇಡೀ ನಡವಳಿಯನ್ನು ರದ್ದುಪಡಿಸಿತು. ಮಾರಾಟವಾದ ಮಾಲಿನ ಒಡೆತನ ಕೊಂಡವನಿಗೆ ಸೇರುತ್ತದೆ. ತನ್ನದೇ ಮಾಲನ್ನು ತಾನು ಬಳಸಿದವನು ಯಾರ ಸ್ವತ್ತನ್ನೂ ದುರುಪಯೋಗಪಡಿಸಿಕೊಂಡಂತಾಗದು. ಉಳಿದಿರುವುದು ಬೆಲೆಯ ಬಾಕಿ ಮಾತ್ರ. ಅದೂ ಅಲ್ಲದೆ, ಒಂದೇ ವ್ಯವಹಾರ ವಂಚನೆಯೂ ನಂಬಿಕೆದ್ರೋಹವೂ ಆಗಲಾರದು. ವಂಚನೆಯಲ್ಲಿ ಮೋಸದ ಇರಾದೆ ಮೊದಲಿನಿಂದ ಇರುತ್ತದೆ; ನಂಬಿಕೆದ್ರೋಹದಲ್ಲಿ ಸ್ವತ್ತು ನ್ಯಾಯವಾಗಿಯೇ ಕೈಸೇರಿ, ಆಮೇಲೆ ದುರುಪಯೋಗವಾಗುತ್ತದೆ. ದಂಡ ಸಂಹಿತೆ ಜಾರಿಗೆ ಬಂದು ಒಂದೂವರೆ ಶತಮಾನ ದಾಟಿದರೂ ಈ ವ್ಯತ್ಯಾಸ ಕೆಳಹಂತದಲ್ಲಿ ಮನದಟ್ಟಾಗಿಲ್ಲವೆಂದು ನ್ಯಾಯಾಲಯ ವಿಷಾದಿಸಿತು. “406 ಮತ್ತು 420ರಡಿ” ಎಂದು ಒಂದೇ ಉಸಿರಿನಲ್ಲಿ ಬರೆಯುವ ದೂರು ಅರ್ಜಿಗಳ ಅಚ್ಚುಪಡಿ ಇನ್ನಾದರೂ ನಮ್ಮ ವಕೀಲರ ಕಚೇರಿಗಳಿಂದ ಮರೆಯಾಗಲಿ.

ಈ ಭೇದವನ್ನು ನಮ್ಮ ನಿತ್ಯದ ವ್ಯವಹಾರಗಳಿಗೆ ಅನ್ವಯಿಸಿ ನೋಡುವುದು ಉಪಯುಕ್ತ. ಪೀಣ್ಯದ ಕಾರ್ಖಾನೆಯೊಂದು ತನ್ನ ಉಕ್ಕನ್ನು ಡೆಲಿವರಿ ಚಲನ್ ಮೇಲೆ ಜಾಬ್ ವರ್ಕ್‌ಗೆಂದು ಲೇತ್ ಘಟಕಕ್ಕೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳೋಣ. ಉಕ್ಕು ಕಳುಹಿಸಿದವರದೇ. ಘಟಕದವನು ಅದನ್ನು ಗುಜರಿಗೆ ಮಾರಿಕೊಂಡರೆ ಅದು ನಂಬಿಕೆದ್ರೋಹ. ಅದೇ ಉಕ್ಕನ್ನು ತೆರಿಗೆ ಇನ್‌ವಾಯ್ಸ್ ಮೇಲೆ ಆ ಘಟಕಕ್ಕೆ ಉದ್ರಿ ಮಾರಿದ್ದರೆ, ಅವನು ಗುಜರಿಗೆ ಹಾಕಿದರೂ ಕೇಳುವ ಹಕ್ಕು ಬೆಲೆಯ ಮಟ್ಟಿಗೆ ಮಾತ್ರ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತನು ಮೆಣಸಿನಕಾಯಿಯನ್ನು ದಲಾಲರ ಅಂಗಡಿಯಲ್ಲಿ ಮಾರಾಟಕ್ಕಿಡುತ್ತಾನೆ. ದಲಾಲರು ಕೊಂಡವರಲ್ಲ, ಮಾರಿಕೊಡುವವರು. ಮಾರಿ ಬಂದ ಹಣ ಕಮಿಷನ್ ಕಳೆದು ರೈತನದು. ಅದನ್ನು ತಮ್ಮ ಬೇರೆ ವ್ಯವಹಾರಕ್ಕೆ ತಿರುಗಿಸಿಕೊಂಡರೆ ನಂಬಿಕೆದ್ರೋಹದ ಪ್ರಶ್ನೆ ಏಳುತ್ತದೆ, ಏಜೆಂಟರ ವಿಷಯದಲ್ಲಿ ಶಿಕ್ಷೆಯೂ ಹೆಚ್ಚು ಕಠಿಣ. ಅದೇ ದಲಾಲರಿಂದ ಮಾಲು ಕೊಂಡ ಸಗಟು ಖರೀದಿದಾರ ಹಣ ಕೊಡದಿದ್ದರೆ ಅವನು ಬರೇ ಬಾಕಿದಾರ. ಹೀಗೆ ಒಂದೇ ಚೀಲದ ಮೆಣಸಿನಕಾಯಿ ಕೈ ಬದಲಾದಂತೆ ಕಾನೂನಿನ ಬಣ್ಣವೂ ಬದಲಾಗುತ್ತದೆ. ಆದುದರಿಂದ ಚಲನ್ ಬರೆಯುವ ಗುಮಾಸ್ತನು “ಜಾಬ್ ವರ್ಕ್‌ಗೆ”, “ಮಾರಾಟಕ್ಕಾಗಿ ಕಮಿಷನ್ ಮೇಲೆ”, “ಹಿಂತಿರುಗಿಸತಕ್ಕದ್ದು” ಎಂಬ ಎರಡು ಮೂರು ಶಬ್ದಗಳನ್ನು ಬರೆದನೋ ಇಲ್ಲವೋ ಎಂಬುದರ ಮೇಲೆ ಮುಂದೆ ಬಹಳಷ್ಟು ನಿಂತಿರುತ್ತದೆ.

ಕಟ್ಟಡ ವ್ಯವಹಾರಗಳಲ್ಲೂ ಇದೇ ನ್ಯಾಯ. ಬೆಂಗಳೂರಿನ ಜಂಟಿ ಅಭಿವೃದ್ಧಿ ಒಪ್ಪಂದವೊಂದರಲ್ಲಿ, ನಿರ್ಮಾಣದಾರರು ತಮ್ಮ ಪಾಲಿಗಿಂತ ಹೆಚ್ಚು ಫ್ಲ್ಯಾಟುಗಳನ್ನು ಮಾರಿದರೆಂಬ ದೂರಿನ ಮೇಲೆ ಹೂಡಿದ್ದ ಕ್ರಿಮಿನಲ್ ನಡವಳಿಯನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಮಿತೇಶ್ ಕುಮಾರ್ ಶಾ ಪ್ರಕರಣದಲ್ಲಿ ರದ್ದುಗೊಳಿಸಿತು. ಯಾರ ಪಾಲು ಎಷ್ಟು ಎಂಬುದು ಒಪ್ಪಂದದ ಅರ್ಥವಿವರಣೆಯ ಪ್ರಶ್ನೆಯಾಗಿತ್ತು.

ಸಣ್ಣ ವರ್ತಕನ ಪ್ರಶ್ನೆ

ಇಲ್ಲಿಯವರೆಗಿನ ಮಾತು ನ್ಯಾಯಸಮ್ಮತವೆಂದು ಒಪ್ಪಿದರೂ, ಓದುಗರು ಕೇಳಬಹುದಾದ ಪ್ರಶ್ನೆ ಒಂದಿದೆ: ಐದು ಲಕ್ಷ ಬಾಕಿಗಾಗಿ ಹತ್ತು ವರ್ಷ ಅಲೆಯುವ ಶಕ್ತಿ ಸಣ್ಣವನಿಗೆ ಎಲ್ಲಿದೆ?

ಈ ಪ್ರಶ್ನೆಯನ್ನು ಉಚ್ಚ ನ್ಯಾಯಾಲಯವೇ ಒಮ್ಮೆ ಕೇಳಿದ್ದುಂಟು. ಶಿಖರ್ ಕೆಮಿಕಲ್ಸ್ ಪ್ರಕರಣದಲ್ಲಿ ಸುಮಾರು 52 ಲಕ್ಷ ರೂಪಾಯಿಯ ನೂಲು ಸರಬರಾಜಾಗಿ, ಅದರಲ್ಲಿ ಸುಮಾರು 48 ಲಕ್ಷ ಪಾವತಿಯಾಗಿತ್ತು. ಉಳಿದುದಕ್ಕೆ ಕ್ರಿಮಿನಲ್ ದೂರು. ಚಿಕ್ಕ ವರ್ತಕನನ್ನು ಸಿವಿಲ್ ದಾವೆಗೆ ಅಟ್ಟಿದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ, ಮುಳುಗಿದ ಹಣದ ಹಿಂದೆ ಇದ್ದ ಹಣವನ್ನೂ ಹಾಕಿದಂತಾಗುತ್ತದೆ ಎಂಬ ಕಾರಣಕ್ಕೆ ಅಲಹಾಬಾದ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ನಡವಳಿಯನ್ನು ರದ್ದುಪಡಿಸಲು ನಿರಾಕರಿಸಿತು. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತರ್ಕವನ್ನು ಕಟುವಾಗಿ ತಳ್ಳಿಹಾಕಿ, ಅರ್ಜಿಯನ್ನು ಬೇರೊಬ್ಬ ನ್ಯಾಯಮೂರ್ತಿಗಳು ಹೊಸದಾಗಿ ವಿಚಾರಿಸಬೇಕೆಂದಿತು. ಆ ನ್ಯಾಯಮೂರ್ತಿಗಳ ಕುರಿತ ನಿರ್ದೇಶನಗಳನ್ನು ಕೆಲವೇ ದಿನಗಳಲ್ಲಿ ಕೈಬಿಟ್ಟಿತು, ಕಾನೂನಿನ ನಿಲುವನ್ನಲ್ಲ. ಲೇಖಕನ ಅಭಿಪ್ರಾಯದಲ್ಲಿ ಏಕಸದಸ್ಯ ಪೀಠ ಗುರುತಿಸಿದ ರೋಗ ನಿಜ. ಬರೆದ ಔಷಧಿ ತಪ್ಪು. ಇಂದು ನಮ್ಮ ಬಾಕಿಗಾಗಿ ತೆರೆಯುವ ಠಾಣೆಯ ಬಾಗಿಲು ನಾಳೆ ನಮ್ಮ ಸರಬರಾಜುದಾರನಿಗೂ ತೆರೆಯುತ್ತದೆ. ಬಾಕಿ ಉಳಿಸಿಕೊಳ್ಳದ ವರ್ತಕ ನಮ್ಮಲ್ಲಿ ಯಾರಿದ್ದಾರೆ?

ಸರ್ಕಾರದ ಮೇಲೂ ಈಗ ಹೊರೆ ಬೀಳುತ್ತಿದೆ. ಗೋದಾಮು ಮಾರಾಟದ ತಕರಾರೊಂದನ್ನು ಕ್ರಿಮಿನಲ್ ಪ್ರಕರಣವಾಗಿಸಿದ್ದಕ್ಕೆ 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರ ಪ್ರದೇಶ ಸರ್ಕಾರಕ್ಕೆ 50,000 ರೂಪಾಯಿ ವೆಚ್ಚ ವಿಧಿಸಿತು.

ಹೊಸ ಕಾರ್ಯವಿಧಾನದಲ್ಲೂ ಕೆಲವು ತಡೆಗಳಿವೆ. ವಾಣಿಜ್ಯ ಸ್ವರೂಪದ ದೂರುಗಳಲ್ಲಿ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ಲಲಿತಾ ಕುಮಾರಿ ಪ್ರಕರಣದ ಸಂವಿಧಾನ ಪೀಠ 2013ರಲ್ಲೇ ಹೇಳಿತ್ತು. ಪೊಲೀಸರು ದೂರು ದಾಖಲಿಸದಿದ್ದಾಗ ದಂಡಾಧಿಕಾರಿಗಳಿಂದ ತನಿಖೆಯ ಆದೇಶ ಕೋರುವವರು ಪ್ರಮಾಣಪತ್ರ ಸಲ್ಲಿಸಬೇಕು. ಸುಳ್ಳಾದರೆ ಅದಕ್ಕೆ ಹೊಣೆ ಅವರೇ. ಖಾಸಗಿ ದೂರಿನಲ್ಲಿ ಆರೋಪಿಯ ಮಾತನ್ನು ಕೇಳದೆ ದಂಡಾಧಿಕಾರಿಗಳು ಸಂಜ್ಞೇಯತೆ ತೆಗೆದುಕೊಳ್ಳುವಂತಿಲ್ಲವೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮು ಹೇಳುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಮೊದಲ ಹೆಜ್ಜೆಯಲ್ಲ. 35ನೇ ಕಲಮಿನಡಿ ಹಾಜರಾತಿ ನೋಟಿಸು ಸಾಮಾನ್ಯ ಕ್ರಮ. ಇಂಥ ನೋಟಿಸು ಬಂದ ಸದಸ್ಯರು ಗಾಬರಿಯಿಂದ ಊರು ಬಿಡುವುದೂ ಬೇಡ, ಠಾಣೆಯಲ್ಲೇ ಕುಳಿತು ಖಾಲಿ ಚೆಕ್ಕಿಗೆ ಸಹಿ ಹಾಕುವುದೂ ಬೇಡ. ಪರ್ಚೇಸ್ ಆರ್ಡರ್, ಹಿಂದಿನ ಪಾವತಿಗಳ ವಿವರ, ಗುಣಮಟ್ಟದ ತಕರಾರಿದ್ದರೆ ಅಂದೇ ಬರೆದ ಪತ್ರ ಇವುಗಳೊಂದಿಗೆ ಲಿಖಿತ ಉತ್ತರ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಇರಾದೆಯ ಪ್ರಶ್ನೆಗೆ ಉತ್ತರ ಇರುವುದು ಈ ಕಾಗದಗಳಲ್ಲೇ. ಉಚ್ಚ ನ್ಯಾಯಾಲಯದಲ್ಲಿ 528ನೇ ಕಲಮಿನಡಿ ರದ್ದತಿ ಕೋರುವಾಗಲೂ ಅವೇ ಬೇಕಾಗುತ್ತವೆ.

ಸರಿಯಾದ ಬಾಗಿಲುಗಳು

ಸಿವಿಲ್ ಹಾದಿ ಇಪ್ಪತ್ತು ವರ್ಷಗಳ ಹಿಂದಿದ್ದಂತೆಯೇ ಉಳಿದಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇಡಿ ಕಾಯಿದೆ ಎಲ್ಲಕ್ಕಿಂತ ಬಲವಾದ ಸಾಧನ. ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಸೌಲಭ್ಯ ಮಂಡಳಿಯ ಐತೀರ್ಪನ್ನು ಪ್ರಶ್ನಿಸಲು ಬಯಸುವ ಖರೀದಿದಾರ ಮೊತ್ತದ ಶೇಕಡಾ 75ನ್ನು ಮೊದಲು ಠೇವಣಿಯಿಡಬೇಕು. ಮಂಡಳಿಗಳ ಮುಂದೆಯೂ ವಿಳಂಬವಿಲ್ಲವೆಂದು ಹೇಳಲಾಗದು. ಆದರೆ ಬಡ್ಡಿ ಬೆಳೆಯುತ್ತಿರುತ್ತದೆಂಬ ಅರಿವು ಬಾಕಿದಾರನನ್ನು ಮಾತುಕತೆಗೆ ಎಳೆದು ತರುತ್ತದೆ. ಸರಬರಾಜಿಗೆ ಮುನ್ನವೇ ಉದ್ಯಮ್ ನೋಂದಣಿ ಆಗಿರುವುದು ಕ್ಷೇಮ.

ವರ್ತಕ ಸದಸ್ಯರು ಇಲ್ಲೊಂದು ವಿಷಯ ಗಮನಿಸಬೇಕು. 2021ರ ಜುಲೈಯಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶವಿತ್ತರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ವಿಳಂಬ ಪಾವತಿಯ ರಕ್ಷಣೆ ತಯಾರಕರು ಮತ್ತು ಸೇವಾ ಘಟಕಗಳಿಗೆ ಮಾತ್ರ. ಸರಕನ್ನು ಕೊಂಡು ಮಾರುವವನ ಬಾಕಿ ಯಾವ ರೀತಿಯಲ್ಲಿ ಕಡಿಮೆ ನೋವಿನದು ಎಂಬುದು ಅರ್ಥವಾಗುವುದಿಲ್ಲ. ಈ ಭೇದ ಹೋಗಬೇಕೆಂದು ವಾಣಿಜ್ಯ ಸಂಸ್ಥೆಗಳು ಒತ್ತಾಯಿಸಬೇಕಾಗಿದೆ.

ಅಲ್ಲಿಯವರೆಗೆ ವರ್ತಕರಿಗಿರುವುದು ವಾಣಿಜ್ಯ ನ್ಯಾಯಾಲಯ. 2018ರ ತಿದ್ದುಪಡಿಯಿಂದ 3 ಲಕ್ಷ ರೂಪಾಯಿ ಹಾಗೂ ಮೇಲ್ಪಟ್ಟ ವಾಣಿಜ್ಯ ತಕರಾರುಗಳು ಅಲ್ಲಿಗೆ ಬರುತ್ತವೆ. ತುರ್ತು ಮಧ್ಯಂತರ ಪರಿಹಾರ ಕೋರದಿದ್ದರೆ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಪ್ರತಿವಾದಿಯ ಲಿಖಿತ ಹೇಳಿಕೆಗೆ 120 ದಿನಗಳ ಕಟ್ಟುನಿಟ್ಟಾದ ಗಡುವಿದೆ. ಲಿಖಿತ ಒಪ್ಪಂದ ಅಥವಾ ಚೆಕ್ಕಿನ ಆಧಾರದ ಬಾಕಿಗೆ 37ನೇ ಆದೇಶದ ಸಂಕ್ಷಿಪ್ತ ದಾವೆಯನ್ನು ಹೂಡಬಹುದು. ಅದರಲ್ಲಿ ಪ್ರತಿವಾದಿಯು ನ್ಯಾಯಾಲಯದ ಅನುಮತಿಯಿಲ್ಲದೆ ಪ್ರತಿವಾದ ಹೂಡುವಂತೆಯೇ ಇಲ್ಲ. ಚೆಕ್ಕು ಮರಳಿದ್ದರೆ 138ನೇ ಕಲಮು ಎಲ್ಲರಿಗೂ ಗೊತ್ತು: ಬ್ಯಾಂಕಿನ ಮೆಮೊ ಕೈಸೇರಿ 30 ದಿನದೊಳಗೆ ನೋಟಿಸು, ಅದು ತಲುಪಿ 15 ದಿನ ಕಾಯುವಿಕೆ, ಅನಂತರ ಒಂದು ತಿಂಗಳೊಳಗೆ ದೂರು. ಬಾಕಿಗೆ ಕ್ರಿಮಿನಲ್ ಅಂಚನ್ನು ಶಾಸನವೇ ಕೊಟ್ಟಿರುವಾಗ, ಅದರ ಗಡುವುಗಳನ್ನು ಕಳೆದುಕೊಂಡು 318ರ ಬೆನ್ನು ಹತ್ತುವುದು ಜಾಣತನವಲ್ಲ.

ಹಿತೈಷಿಗಳು ಹೇಳದೆ ಬಿಟ್ಟ ಮಾತು ಕಾಲಮಿತಿಯದು. ಮಾರಿದ ಮಾಲಿನ ಬೆಲೆಗೆ ದಾವೆ ಹೂಡಲು ಮೂರು ವರ್ಷ ಅವಧಿ. ಉದ್ರಿಯ ಗಡುವು ಗೊತ್ತುಪಡಿಸಿದ್ದರೆ ಅದು ಮುಗಿದ ದಿನದಿಂದ, ಇಲ್ಲದಿದ್ದರೆ ಮಾಲು ತಲುಪಿದ ದಿನದಿಂದ. ತಪ್ಪು ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಕಾಲಮಿತಿ ಕಾಯಿದೆಯ 14ನೇ ಕಲಮು ಲೆಕ್ಕದಿಂದ ಬಿಡುತ್ತದೆ, ಆದರೆ ಆ ನಡವಳಿ ಸಿವಿಲ್ ಆಗಿದ್ದರೆ ಮಾತ್ರ. ಠಾಣೆಯಲ್ಲಿ, ದಂಡಾಧಿಕಾರಿಗಳ ಮುಂದೆ ಕಳೆದ ಕಾಲಕ್ಕೆ ಈ ರಿಯಾಯಿತಿ ಇಲ್ಲ. ನಾಲ್ಕನೆಯ ವರ್ಷ ಉಚ್ಚ ನ್ಯಾಯಾಲಯ ಎಫ್‌ಐಆರ್ ರದ್ದುಪಡಿಸಿದಾಗ, “ಸಿವಿಲ್ ದಾವೆ ಹೂಡಲು ಸ್ವತಂತ್ರರು” ಎಂಬ ಸಾಲು ಆದೇಶದಲ್ಲಿರುತ್ತದೆ. ದಾವೆ ಹೂಡುವ ಅವಧಿ ಮುಗಿದಿರುತ್ತದೆ.

ಇದಕ್ಕೆ ಖರ್ಚಿಲ್ಲದ ಮುನ್ನೆಚ್ಚರಿಕೆ ಒಂದಿದೆ. ಪ್ರತಿ ವರ್ಷ ಮಾರ್ಚ್ 31ರ ಲೆಕ್ಕಕ್ಕೆ ಎಲ್ಲ ಬಾಕಿದಾರರಿಂದ ಬಾಕಿ ದೃಢೀಕರಣ ಪತ್ರವನ್ನು ಸಹಿ ಸಮೇತ ತರಿಸಿಡುವುದು. ಮೂರು ವರ್ಷ ಮುಗಿಯುವ ಮುನ್ನ ಬಾಕಿದಾರನು ಲಿಖಿತವಾಗಿ ಬಾಕಿಯನ್ನು ಒಪ್ಪಿ ಸಹಿ ಹಾಕಿದರೆ, 18ನೇ ಕಲಮಿನಂತೆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ಅವಧಿ ಮುಗಿದ ಮೇಲೆ ಹಾಕಿಸಿಕೊಂಡ ಸಹಿ ಈ ಕಲಮಿನಡಿ ಉಪಯೋಗಕ್ಕೆ ಬಾರದು.